ಇಪ್ಪತ್ತೆರಡು ಸದ್ದಿನ ಪುಸ್ತಕಗಳು

ನನ್ನ ಬಾಯಿ ಜೋರು ಎಂದು ಅಮ್ಮ ಮದುವೆಗೆ ಮೊದಲೇ ನಮ್ಮವರಿಗೆ ಎಚ್ಚರಿಕೆ ಕೊಟ್ಟಿದ್ದಳಂತೆ. "ಪರವಾಗಿಲ್ಲ ಅತ್ತೆ, ಇಡೀ ದಿನ ಮೋಟರ್ ಸದ್ದು ಕೇಳಿ ಅಭ್ಯಾಸ ಇದೆ" ಎಂದರಂತೆ ಈ ಮಹಾರಾಯರು. ಅಮ್ಮ ಅದನ್ನು ತಮಾಷೆ ಎಂದುಕೊಂಡಳು. ಅದು ತಮಾಷೆಯಾಗಿರಲಿಲ್ಲ.

ನಮ್ಮವರು ಲಿಫ್ಟ್ ಮೆಕ್ಯಾನಿಕ್. ಬೇರೆಯವರು ಮೇಲಕ್ಕೆ ಹೋಗಲು ಲಿಫ್ಟ್ ಹತ್ತಿದರೆ ಇವರು ಅದನ್ನು ಕೇಳಲು ಹತ್ತುತ್ತಿದ್ದರು. ನೆಂಟರ ಮನೆಗೆ ಹೋದರೆ ನಾನು ಬಾಗಿಲಲ್ಲಿ ನಿಂತು ಬೆಲ್ ಒತ್ತಬೇಕು, ಇವರು ಇನ್ನೊಂದು ಸಲ ಕೆಳಗೆ ಹೋಗಿ ಬರಬೇಕು. ಸಂಜೆ ಊಟಕ್ಕೆ ಕೂತರೆ ಶುರು: "ನೋಡೇ, ಇವತ್ತು ಒಂದು ಲಿಫ್ಟ್ ಸಿಕ್ತು. ಮೇಲೆ ಹೋಗೋವಾಗ ಸರಿಯಾಗೇ ಇದೆ. ಕೆಳಗೆ ಬರೋವಾಗ ಮಾತ್ರ ನೆಗಡಿ ಆದೋರ ಥರ ಉಸಿರಾಡುತ್ತೆ." ಆಮೇಲೆ ಚಮಚದಿಂದ ತಟ್ಟೆಯ ಅಂಚು ಬಡಿದು ಆ ಸದ್ದನ್ನು ನನಗೆ ಕೇಳಿಸಬೇಕು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಕೋಣ ನಾನೇ, ಈಗ ಒಪ್ಪಿಕೊಳ್ಳುತ್ತೇನೆ.

ಮದುವೆಯಾದ ಎರಡನೇ ವರ್ಷ ಒಂದು ಕಾಯಿದೆ ಮಾಡಿದೆ. "ರೀ, ತಟ್ಟೆ ಮುಂದೆ ಲಿಫ್ಟ್ ಮಾತು ಬೇಡ, ತಲೆ ಚಿಟ್ಟು ಹಿಡಿಯುತ್ತೆ. ಅಷ್ಟೊಂದು ಹೇಳ್ಬೇಕು ಅನ್ಸಿದ್ರೆ ಒಂದು ಪುಸ್ತಕದಲ್ಲಿ ಬರೆದಿಡಿ. ಪುರುಸೊತ್ತಾದಾಗ ಓದ್ತೀನಿ."

ಅವರು ಮರುದಿನವೇ ಗೆರೆಯ ಪುಸ್ತಕ ತಂದರು. ನನಗೆ ಮಾತ್ರ ಇಪ್ಪತ್ತು ವರ್ಷ ಪುರುಸೊತ್ತಾಗಲಿಲ್ಲ. ಪುಸ್ತಕ ತುಂಬಿದರೆ ಬೀರುವಿನ ಮೇಲೆ ಹೋಗುತ್ತಿತ್ತು, ಹೊಸದು ಬರುತ್ತಿತ್ತು. ಧೂಳು ಹೊಡೆಯುವಾಗ ಬೈದುಕೊಂಡೇ ಹೊಡೆಯುತ್ತಿದ್ದೆ.

ಕೆಲಸದಲ್ಲೂ ಅವರಿಗೆ 'ಕಿವಿ' ಎಂದು ಅಡ್ಡಹೆಸರಿತ್ತು. ಮೀಟರ್ ಹಿಡಿದು ನೋಡುವುದನ್ನು ಬಿಟ್ಟು ಗೋಡೆಗೆ ಕಿವಿ ಒತ್ತಿಕೊಂಡು ನಿಲ್ಲುವವನಿಗೆ ಬಡ್ತಿ ಯಾರು ಕೊಡುತ್ತಾರೆ? ಮೂರು ಸಲ ಕಿರಿಯರು ಅವರನ್ನು ದಾಟಿ ಹೋದರು. "ನಾಲ್ಕು ಜನರ ಥರ ಇರೋಕೆ ನಿಮಗೇನು ಕಷ್ಟ?" ಎಂದು ನಾನೂ ಕೇಳಿದ್ದುಂಟು.

ಹೋದ ವರ್ಷ ಅವರು ಮೊದಲ ಸಲ ಬಾಯಿಬಿಟ್ಟರು, ಮನೆಯಲ್ಲಲ್ಲ. ಕಂಪನಿಯ ಅತಿ ದೊಡ್ಡ ಗಿರಾಕಿ ಒಂದು ಆಸ್ಪತ್ರೆ. ಅಲ್ಲಿನ ಲಿಫ್ಟ್ ಸರಿಯಾಗಿದೆ ಎಂದು ಇಂಜಿನಿಯರ್ ಸಹಿ ಹಾಕುತ್ತಿದ್ದಾಗ ಇವರು, "ಇಲ್ಲ ಸಾರ್, ಹತ್ತು ದಿನದೊಳಗೆ ಬೇರಿಂಗ್ ಹೋಗುತ್ತೆ. ಈ ಸದ್ದು ನಾನು ಮೊದಲೇ ಹದಿನಾಲ್ಕು ಕಡೆ ಬರೆದಿಟ್ಟಿದೀನಿ" ಎಂದರಂತೆ. ಎಲ್ಲರೂ ನಕ್ಕರು. ಒಂಬತ್ತನೇ ದಿನ ಬೇರಿಂಗ್ ಹೋಯಿತು. ಪುಣ್ಯಕ್ಕೆ ಒಳಗೆ ಯಾರೂ ಇರಲಿಲ್ಲ.

ಕಂಪನಿಯ ಯಜಮಾನರು ತಾವೇ ನಮ್ಮ ಮನೆಗೆ ಬಂದು, ನೆಲದ ಮೇಲೆ ಕೂತು ಇಪ್ಪತ್ತೆರಡು ಪುಸ್ತಕ ತಿರುವಿ ಹಾಕಿದರು. ಅವನ್ನೆಲ್ಲ ಒಯ್ದು ಟೈಪ್ ಮಾಡಿಸಿ ದಪ್ಪ ಕೈಪಿಡಿ ಮಾಡಿಸಿದರು. ಈಗ ಕೆಡುವ ಮೊದಲೇ ಲಿಫ್ಟ್ ದುರಸ್ತಿ ಮಾಡುವ ಕಂಪನಿ ಎಂದು ಅದಕ್ಕೆ ಹೆಸರು. 'ಕಿವಿ' ಹೋಗಿ 'ಕಿವಿ ಸಾರ್' ಆದರು, ತರಬೇತಿ ವಿಭಾಗಕ್ಕೆ ಮುಖ್ಯಸ್ಥರಾದರು, ಈ ವರ್ಷ ಪಾಲುದಾರರೂ ಆದರು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ನನ್ನ ಹಿತ್ತಲಲ್ಲಿ ಮದ್ದಿನ ತೋಟವೇ ಇತ್ತು.

ಒಂದು ಬೆಳಗ್ಗೆ ಇವರು ಕನ್ನಡಕ ಮನೆಯಲ್ಲೇ ಮರೆತು ಹೋಗಿದ್ದರು. ಕೊಡಲು ತರಬೇತಿ ಕೋಣೆಗೆ ಹೋದೆ. ಬಾಗಿಲ ಗಾಜಿನಿಂದ ನೋಡಿದೆ. ಮೂವತ್ತು ಜನ ಮೆಕ್ಯಾನಿಕ್‌ಗಳು, ಮುಂದೆ ಇವರು. ಕೈಯಲ್ಲಿ ಚಮಚ. ಮೇಜಿನ ಅಂಚು ಬಡಿದು ಏನನ್ನೋ ಕೇಳಿಸುತ್ತಿದ್ದಾರೆ. ಮುಂದಿನ ಸಾಲಿನ ಹುಡುಗಿಯೊಬ್ಬಳು, "ಸಾರ್, ಇನ್ನೊಂದ್ಸಲ" ಎಂದಳು. ಇವರು ಇನ್ನೊಂದು ಸಲ ಬಡಿದರು, ನಕ್ಕರು, ಮತ್ತೆ ಬಡಿದರು. ಆ ನಗುವನ್ನು ನಾನು ನೋಡಿ ಎಷ್ಟು ವರ್ಷವಾಗಿತ್ತು! ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ. ಕನ್ನಡಕವನ್ನು ಗುಮಾಸ್ತೆಯ ಕೈಗೆ ಕೊಟ್ಟು ಮನೆಗೆ ಬಂದೆ.

ಟೈಪ್ ಮುಗಿದು ವಾಪಸ್ ಬಂದ ಅವರ ಕೈಬರಹದ ಪುಸ್ತಕಗಳು ಡಬ್ಬದಲ್ಲಿದ್ದವು. ಮೊದಲನೆಯದನ್ನು ತೆರೆದೆ.

'ನೋಡೇ, ಇವತ್ತು ಬಟ್ಟೆ ಅಂಗಡಿಯ ಲಿಫ್ಟು. ನಾಲ್ಕನೇ ಮಹಡಿಯಲ್ಲಿ ಬ್ರೇಕು ಎರಡು ಸಲ ಕೆಮ್ಮುತ್ತೆ.'

ಪುಟ ತಿರುವಿದೆ. 'ನೋಡೇ, ನಿನ್ನೆ ಹೇಳಿದ ಕೆಮ್ಮು ಇವತ್ತು ಜಾಸ್ತಿಯಾಗಿದೆ.' ಪ್ರತಿ ದಿನವೂ, ಪ್ರತಿ ಸಾಲಿನ ಮೊದಲಲ್ಲೂ 'ನೋಡೇ'. ಮುದ್ರಿತ ಕೈಪಿಡಿಯಲ್ಲಿ ಅದೊಂದು ಪದವನ್ನು ತೆಗೆದುಹಾಕಿದ್ದರು. ಮೆಕ್ಯಾನಿಕ್‌ಗಳಿಗೆ ಅದೇಕೆ ಬೇಕು? ಅದು ನನಗೆ ಬರೆದದ್ದು. ಪುರುಸೊತ್ತಾದಾಗ ಓದುತ್ತೇನೆ ಎಂದಿದ್ದೆನಲ್ಲ, ನಂಬಿದ್ದರು.

ಒಂಬತ್ತನೇ ಪುಸ್ತಕದ ನಡುವೆ ಅದು ನಿಂತುಹೋಗಿತ್ತು. ಅಲ್ಲಿಂದ ಮುಂದೆ ತಾರೀಖು, ಮಹಡಿ, ಸದ್ದು, ಅಷ್ಟೇ. ನಿಂತ ದಿನದ ತಾರೀಖು ನೋಡಿದೆ. ಹಿಂದಿನ ದಿನ ನನ್ನ ತಂಗಿಯ ಮಗಳ ಹುಟ್ಟುಹಬ್ಬ. ಅಲ್ಲಿ ನೆಂಟರೆಲ್ಲರ ಎದುರು ನಾನು ಗೋಡೆಗೆ ಕಿವಿ ಒತ್ತಿ, ಕಣ್ಣು ಮುಚ್ಚಿ, "ನೋಡೇ, ಲಿಫ್ಟಿಗೆ ಬಾಣಂತನ!" ಎಂದು ಇವರನ್ನು ಅಣಕಿಸಿದ್ದೆ. ತಂಗಿಯ ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕರು. ಇವರೂ ನಕ್ಕಿದ್ದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಡಬ್ಬದ ಪಕ್ಕದಲ್ಲೇ ಕೂತು ಅತ್ತೆ.

ಒಂದು ತಿಂಗಳಲ್ಲಿ ಇಪ್ಪತ್ತೆರಡನ್ನೂ ಓದಿದೆ. ನಮ್ಮ ಕಟ್ಟಡದ ಲಿಫ್ಟಿನಲ್ಲಿ ಒಬ್ಬಳೇ ಹತ್ತಿ ಇಳಿದು ಕಿವಿ ಪಳಗಿಸಿಕೊಂಡೆ. ಪಕ್ಕದ ಮನೆಯಾಕೆ ನನಗೆ ಮರೆವು ಶುರುವಾಗಿದೆ ಎಂದುಕೊಂಡಳು. ನನಗೆ ಬೇಕಿದ್ದದ್ದು ಒಂದೇ: ಆ 'ನೋಡೇ' ವಾಪಸ್ ಬರಬೇಕು.

ಮೊನ್ನೆ ಸಂಜೆ ಇಬ್ಬರೂ ತರಕಾರಿ ಚೀಲ ಹಿಡಿದು ಲಿಫ್ಟ್ ಹತ್ತಿದೆವು.

"ರೀ, ಎರಡನೇ ಮಹಡಿ ದಾಟೋವಾಗ ಟಕ್ ಅಂತು. ಬಾಗಿಲ ರೋಲರ್ ಸವೆದಿದೆ ಅಲ್ವಾ?"

ಅವರು ತಿರುಗಿ ನೋಡಿದರು. "ಹೌದು. ಸರಿಯಾಗಿ ಹೇಳ್ದೆ."

ನಾನು ಕಾದೆ. ಮೂರನೇ ಮಹಡಿ ಹೋಯಿತು, ನಾಲ್ಕು ಬಂತು.

"ಯಾಕೆ ಹಾಗೆ ಸವೆಯುತ್ತೆ, ಹೇಳ್ರೀ."

"ಅಯ್ಯೋ, ಅದು ದೊಡ್ಡ ಕಥೆ ಬಿಡು. ನಿಂಗೆ ತಲೆನೋವು ಬರುತ್ತೆ."

ಅದರಲ್ಲಿ ಕೊಂಕಿದ್ದಿದ್ದರೆ ಜಗಳವಾದರೂ ಆಡುತ್ತಿದ್ದೆ. ಕೊಂಕಿರಲಿಲ್ಲ. ನನ್ನ ಕೈಯಿಂದ ಭಾರದ ಚೀಲವನ್ನೂ ತಾವೇ ತೆಗೆದುಕೊಂಡರು.

ಊಟಕ್ಕೆ ಮೊದಲು ಅವರು ಇಪ್ಪತ್ತಮೂರನೇ ಪುಸ್ತಕ ತೆರೆದು ಬರೆಯತೊಡಗಿದರು. ನೀರಿನ ಲೋಟ ಇಡುವ ನೆಪದಲ್ಲಿ ಭುಜದ ಮೇಲಿಂದ ಇಣುಕಿದೆ. 'ನಮ್ಮ ಕಟ್ಟಡ. ಎರಡನೇ ಮಹಡಿ. ಟಕ್. ಬಾಗಿಲ ರೋಲರ್.' ಸಾಲಿನ ಮೊದಲಿಗೆ ಕಣ್ಣು ಹಾಯಿಸಿದೆ. ಅಲ್ಲಿ ತಾರೀಖು ಮಾತ್ರ ಇತ್ತು.