ಡಾಕ್ಟ್ರಮ್ಮನಿಗೆ ಕೊಟ್ಟ ನೀರು

ಐ.ಡಿ.ಹಳ್ಳಿಯಿಂದ ಪಾವಗಡದ ಕಡೆಗಿದ್ದ ಆ ಸಣ್ಣ ಸರ್ಕಾರಿ ಆಸ್ಪತ್ರೆಯಲ್ಲಿ ಇಬ್ಬರು ಡಾಕ್ಟರಿಗೆ ಜಾಗವಿತ್ತು, ಇದ್ದವಳು ಮಹಜಬೀನ್ ಒಬ್ಬಳೇ. ಇನ್ನೊಂದು ಕುರ್ಚಿ ನಾಲ್ಕು ವರ್ಷದಿಂದ ಖಾಲಿ. ಅದರ ಮೇಲೆ ಹಳೆಯ ರಿಜಿಸ್ಟರುಗಳನ್ನು ಪೇರಿಸಿದ್ದರು. ಅವಕ್ಕಾದರೂ ಕೂರಲು ಪುರುಸೊತ್ತಿತ್ತು. ಇವಳು ದಿನಕ್ಕೆ ನೂರೈವತ್ತು ಜನರನ್ನು ನೋಡಿ, ಸಂಜೆ ಸಿರಾದ ಮನೆಗೆ ಬಸ್ಸು ಹಿಡಿದರೆ ಕಿಟಕಿಗೆ ತಲೆ ಆನಿಸಿದ ಕೂಡಲೇ ನಿದ್ದೆ.

ಮಾತ್ರೆ ಬರೆದುಕೊಂಡು ಸುಮ್ಮನಿದ್ದಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ಅವಳ ತಲೆಗೆ ಹುಳ ಹೊಕ್ಕಿತ್ತು. ಆ ಊರುಗಳಲ್ಲಿ ಮಕ್ಕಳ ಹಲ್ಲೆಲ್ಲ ಕಂದು, ನಲವತ್ತು ದಾಟಿದವರ ಬೆನ್ನು ಹಲಗೆಯಷ್ಟು ಬಿರುಸು. ಕೊಳವೆಬಾವಿ ನೀರಿನ ಫ್ಲೋರೈಡ್ ಕಾಟ ಅಂತ ಎಲ್ಲರಿಗೂ ಗೊತ್ತು. ಆದರೂ ಒಬ್ಬಳಿಗೆ ಬಗ್ಗಿ ಕಸ ಗುಡಿಸಲು ಆಗದು, ಪಕ್ಕದ ಮನೆಯವಳು ಅದೇ ವಯಸ್ಸಿಗೆ ಕಡಲೆಕಾಯಿ ಹೊಲದಲ್ಲಿ ಕಳೆ ಕೀಳುತ್ತಾಳೆ. ಯಾಕೆ? ಯಾವ ಮನೆಯವರು ಎಂಥ ನೀರು ಕುಡಿದಿದ್ದಾರೆ, ಅವರ ಮೂಳೆ ಹೇಗಾಗಿದೆ ಎಂದು ಒಂದಕ್ಕೊಂದು ಹೊಂದಿಸಿ ನೋಡಬೇಕೆಂದು ಅವಳು ಹೊರಟಿದ್ದಳು. ಮೇಲಿನ ಅಧಿಕಾರಿ, ರೋಗಿಗಳನ್ನು ನೋಡಿ ಮುಗಿಸಿದ ಮೇಲೆ ಏನು ಬೇಕಾದರೂ ಮಾಡಿಕೊಳ್ಳಿ ಅಂದಿದ್ದರು. ರೋಗಿಗಳು ಮುಗಿಯುವ ಆಸ್ಪತ್ರೆ ಯಾವ ಲೋಕದಲ್ಲಿದೆಯೋ ಅವರೇ ಬಲ್ಲರು.

ಮನೆಮನೆಗೆ ಹೋಗಲು ಅವಳಿಗೆ ಹೊತ್ತಿರಲಿಲ್ಲ. ಆಶಾ ಕಾರ್ಯಕರ್ತೆ ಗಂಗಲಕ್ಷ್ಮಮ್ಮ ಖಾಲಿ ಬಾಟಲಿ ಹಂಚಿ, ಡಾಕ್ಟ್ರಮ್ಮ ನೀರು ಕೇಳಿದ್ದಾರೆ, ಮನೆಯಲ್ಲಿ ಕುಡಿಯುವ ನೀರು ತುಂಬಿಕೊಡಿ ಅಂತ ಹೇಳಿ ತಂದುಕೊಟ್ಟಳು. ಎರಡು ವರ್ಷದಲ್ಲಿ ಇನ್ನೂರ ಹನ್ನೆರಡು ಬಾಟಲಿ ಸೇರಿದವು. ಒಂದೊಂದಕ್ಕೂ ಚೀಟಿ ಅಂಟಿಸಿ, ನಂಬರು ಬರೆದು ಬೆಂಗಳೂರಿನ ಪ್ರಯೋಗಾಲಯಕ್ಕೆ ಕಳಿಸಿದಳು. ಅಲ್ಲಿನ ವಿಜ್ಞಾನಿ ನರಸಿಂಹರಾಜು ಒಳ್ಳೆಯ ಮನುಷ್ಯ. ರೋಗಿಗಳನ್ನು ನೋಡುತ್ತಲೇ ಸಂಶೋಧನೆ ಮಾಡುವ ಡಾಕ್ಟರು ದೀಪ ಹಿಡಿದು ಹುಡುಕಿದರೂ ಸಿಗುವುದಿಲ್ಲಮ್ಮ ಎಂದು ಪ್ರತಿ ಫೋನಿನಲ್ಲೂ ಹೇಳುತ್ತಿದ್ದರು. ಅಂಥವರಿಗಾಗಿಯೇ ಅವರ ಸಂಸ್ಥೆಯಲ್ಲಿ ಒಂದು ಫೆಲೋಶಿಪ್ ಇತ್ತು. ಎರಡು ವರ್ಷ ಸಂಬಳದೊಂದಿಗೆ ಸಂಶೋಧನೆ, ಅಷ್ಟು ದಿನ ಆಸ್ಪತ್ರೆಗೆ ಬದಲಿ ಡಾಕ್ಟರು. ಅವಳು ಅದಕ್ಕೆ ಅರ್ಜಿ ಹಾಕಿದ್ದಳು. ಎರಡು ವರ್ಷ ಒಂದೇ ಪ್ರಶ್ನೆಯ ಮುಂದೆ ಕೂರುವುದು! ನೆನೆದಾಗಲೆಲ್ಲ ಮಹಜಬೀನಳಿಗೆ ಎದೆ ತುಂಬಿ ಬರುತ್ತಿತ್ತು.

ಫಲಿತಾಂಶ ಬಂದಾಗ ನರಸಿಂಹರಾಜು ಹಿಗ್ಗಿದ್ದರು. ಇನ್ನೂರ ಹನ್ನೆರಡರಲ್ಲೂ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಮೂಳೆ ಹಾಳಾಗಿದೆ, ನೀರು ಚೆನ್ನಾಗಿದೆ, ಹಾಗಾದರೆ ಕಾರಣ ಬೇರೇನೋ ಇದೆ, ಇದು ದೊಡ್ಡ ಸುದ್ದಿ ಎಂದರು. ಸೋಮವಾರ ಆಯ್ಕೆ ಸಮಿತಿ ಕೂರುತ್ತದೆ, ಅಷ್ಟರಲ್ಲಿ ವರದಿ ಕಳಿಸಿಬಿಡಿ, ಫೆಲೋಶಿಪ್ ನಿಮ್ಮದೇ ಅಂದರು.

ಮಹಜಬೀನ್ ಖುಷಿಪಡಲು ನೋಡಿದಳು, ಆಗಲಿಲ್ಲ. ಅವಳ ಕೈ ದಿನವೂ ಆ ಮೊಣಕಾಲುಗಳನ್ನು ಮುಟ್ಟಿತ್ತು. ಕಾಗದ ಹೇಳುವ ಮಾತನ್ನು ಕೈ ನಂಬಲಿಲ್ಲ. ಶನಿವಾರ ಮಧ್ಯಾಹ್ನ ಬಸ್ಸು ಬಿಟ್ಟು, ಮೊದಲ ನಂಬರಿನ ಬಾಟಲಿ ಕೊಟ್ಟಿದ್ದ ಚಿಕ್ಕಹನುಮಕ್ಕನ ಮನೆಗೆ ನಡೆದೇ ಹೋದಳು.

ಚಿಕ್ಕಹನುಮಕ್ಕನಿಗೆ ಐವತ್ತೆರಡು, ನೋಡಿದರೆ ಎಪ್ಪತ್ತು. ಕತ್ತು ತಿರುಗಿಸಲಾಗದೆ ಇಡೀ ಮೈ ತಿರುಗಿಸಿ, ಡಾಕ್ಟ್ರಮ್ಮ ತನ್ನ ಮನೆಗೆ ಬಂದಳೆಂದು ಬೆರಗಾದಳು. ಚಾಪೆ ಹಾಸಿ, ಮೂಲೆಯ ಕ್ಯಾನಿನಿಂದ ಚೊಂಬಿಗೆ ನೀರು ಬಗ್ಗಿಸಿ ತಂದುಕೊಟ್ಟಳು. ಆಮೇಲೆ ತನಗೂ ಬಾಯಾರಿಕೆಯಾಗಿ, ಬಾಗಿಲ ಬಳಿಯ ಪ್ಲಾಸ್ಟಿಕ್ ಬಿಂದಿಗೆಯಿಂದ ಒಂದು ಲೋಟ ಮೊಗೆದು ಗಟಗಟ ಕುಡಿದಳು.

ಮಹಜಬೀನ್ ಚೊಂಬನ್ನು ಕೆಳಗಿಟ್ಟಳು. ನೀವು ಯಾಕೆ ಆ ನೀರು ಕುಡಿದಿರಿ ಎಂದು ಕೇಳಿದಳು.

"ಇದು ನಮ್ದು ಕಣಮ್ಮ, ಬೋರ್‌ವೆಲ್ ನಲ್ಲಿ ನೀರು. ಹುಟ್ಟಿದಾಗ್ನಿಂದ ಇದ್ನೇ ಕುಡ್ದಿರೋದು. ಅದು ಪಿಲ್ಟ್ರು ನೀರು, ಬಂದೋರ್ಗೆ ಅಂತ ತಂದಿಕ್ಕಿರ್ತೀವಿ."

"ಮತ್ತೆ ನಂಗೆ ಬಾಟ್ಲಿಲಿ ಕೊಟ್ಟಿದ್ದು?"

"ಪಿಲ್ಟ್ರುದೇ. ನಿಮ್ಗೆ ಕೆಟ್ಟ ನೀರು ಕೊಡಕ್ಕಾಯ್ತದೇನಮ್ಮ? ಊರ್ನೋರೆಲ್ಲ ಅಂಗೇ ಕೊಟ್ಟವ್ರೆ." ಇಷ್ಟು ಹೇಳಿ ಅವಳು ಮೆಚ್ಚುಗೆಗಾಗಿ ಡಾಕ್ಟ್ರಮ್ಮನ ಮುಖ ನೋಡಿದಳು.

ಮಹಜಬೀನಳಿಗೆ ಅಳು ಬಂತು, ಜೊತೆಗೇ ನಗುವೂ ಬಂತು. ಇನ್ನೂರ ಹನ್ನೆರಡು ಮನೆಯವರು ಅವಳ ಮೇಲಿನ ಗೌರವಕ್ಕೆ, ಹಾಲಿನ ಡೈರಿ ಪಕ್ಕದ ಶುದ್ಧ ನೀರಿನ ಘಟಕದ ಒಂದೇ ನಲ್ಲಿಯಿಂದ ಹಿಡಿದ ನೀರನ್ನು ಇನ್ನೂರ ಹನ್ನೆರಡು ಬಾಟಲಿಗಳಲ್ಲಿ ಕಳಿಸಿದ್ದರು. ಅವರ ಮೇಲೆ ಕೋಪ ಮಾಡಿಕೊಳ್ಳುವುದು ಹೇಗೆ? ಎರಡು ವರ್ಷದಲ್ಲಿ ಒಂದೇ ಒಂದು ದಿನ, ಒಂದೇ ಒಂದು ಮನೆಯ ಚಾಪೆಯ ಮೇಲೆ ಕೂತಿದ್ದರೆ ಸಾಕಿತ್ತು. ಆ ಒಂದು ದಿನ ಅವಳಿಗೆ ಸಿಕ್ಕಿರಲಿಲ್ಲ. ಚೊಂಬನ್ನು ಮತ್ತೆ ಎತ್ತಿಕೊಂಡು, ಕೊಟ್ಟವಳಿಗೆ ಬೇಸರವಾಗಬಾರದೆಂದು ಅಷ್ಟೂ ನೀರು ಕುಡಿದಳು.

ಹೊರಗೆ ಬಂದು ನರಸಿಂಹರಾಜುಗೆ ಫೋನ್ ಮಾಡಿದಳು. ಬಾಟಲಿಗಳ ಕತೆ ಹೇಳಿದಳು. ಅವರು, ಮಾದರಿ ಸಂಗ್ರಹದಲ್ಲಿ ಕೆಲವು ಮಿತಿಗಳಿದ್ದವು ಅಂತ ವರದಿಯ ಕೊನೆಗೆ ಒಂದು ಸಾಲು ಸೇರಿಸೋಣ ಎಂದು ಮೆಲ್ಲಗೆ ಹೇಳಿದರು. ಯಾರಿಗೂ ಗೊತ್ತಾಗುವುದಿಲ್ಲ ಎನ್ನುವುದನ್ನು ಅವರು ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ಅದು ನಿಜವಾಗಿತ್ತು. ಬೆಂಗಳೂರಿನಲ್ಲಿ ಕೂತವರಿಗೆ ಚಿಕ್ಕಹನುಮಕ್ಕನ ಬಾಗಿಲ ಬಳಿಯ ಬಿಂದಿಗೆ ಎಲ್ಲಿಂದ ಕಾಣಬೇಕು?

ಮಹಜಬೀನ್ ಫೋನು ಹಿಡಿದೇ ರಸ್ತೆ ಬದಿಯ ಕಲ್ಲಿನ ಮೇಲೆ ಕೂತಳು. ಎರಡು ವರ್ಷದ ಬಿಡುವು ಕಣ್ಣಿಗೆ ಕಟ್ಟಿತು, ಆಸೆಯಾಯಿತು, ಸುಳ್ಳು ಯಾಕೆ. ಆದರೆ ಈ ಊರಿನ ನೀರು ಚೆನ್ನಾಗಿದೆ ಎಂದು ಅಚ್ಚಾದರೆ, ನಾಳೆ ಅದನ್ನೇ ಮುಂದಿಟ್ಟು, ಈ ಊರುಗಳಿಗೆ ನದಿ ನೀರು ತರುವ ಯೋಜನೆಯ ಕಡತವನ್ನು ಯಾರಾದರೂ ಮುಚ್ಚಿಹಾಕಬಹುದು. ಕೆಳಗೆ ಅವಳದೇ ರುಜು ಇರುತ್ತದೆ.

"ಬೇಡ ಸಾರ್. ನನ್ನ ಅರ್ಜಿ ವಾಪಸ್ ತಗೊಂಡ್ಬಿಡಿ," ಅಂದಳು.

ಮಂಗಳವಾರ ಬೆಳಿಗ್ಗೆ ಆಸ್ಪತ್ರೆಯ ಸಾಲು ಗೇಟು ದಾಟಿತ್ತು. ನಡುವೆ ನರಸಿಂಹರಾಜು ಕಳಿಸಿದ ಸಂದೇಶ ಬಂತು. ಫೆಲೋಶಿಪ್ ಯಾರಿಗೂ ಹೋಗಲಿಲ್ಲವಂತೆ. ರಾಜ್ಯದಲ್ಲಿ ಇನ್ನೊಬ್ಬ ಡಾಕ್ಟರೂ ಅರ್ಜಿ ಹಾಕಿರಲಿಲ್ಲವಾದ್ದರಿಂದ ಸೀಟನ್ನು ಖಾಲಿ ಬಿಟ್ಟಿದ್ದಾರೆ. ಮಹಜಬೀನ್ ಎದುರಿನ ಕುರ್ಚಿಯ ಮೇಲಿದ್ದ ರಿಜಿಸ್ಟರುಗಳನ್ನು ಸುಮ್ಮನೆ ನೋಡಿದಳು. ಆ ಸೀಟನ್ನು ಬೇರೆ ಯಾರಾದರೂ ಕಸಿದುಕೊಂಡಿದ್ದರೂ ಇಷ್ಟು ನೋವಾಗುತ್ತಿರಲಿಲ್ಲ.

ಆಗ ಚಿಕ್ಕಹನುಮಕ್ಕ ಗೋಡೆ ಹಿಡಿದುಕೊಂಡು ಒಳಗೆ ಬಂದಳು. ಬಾಗಿಲಲ್ಲಿ ಯಾರಾದರೂ ನೋಡುತ್ತಿದ್ದಾರೆಯೇ ಎಂದು ಇಡೀ ಮೈ ತಿರುಗಿಸಿ ನೋಡಿ, ಸೆರಗಿನ ಒಳಗಿಂದ ಒಂದು ಸೀಸೆ ತೆಗೆದು ಮೇಜಿನ ಮೇಲಿಟ್ಟಳು.

"ನಿಮ್ಗೆ ನಾವು ಕುಡ್ಯೋ ನೀರೇ ಬೇಕಿತ್ತಂತೆ, ಗಂಗಲಕ್ಷ್ಮಮ್ಮ ಏಳಿದ್ಲು. ಇದು ನಲ್ಲಿದು. ಡಾಕ್ಟ್ರಿಗೆ ಇಂಥ ನೀರು ಕೊಟ್ಲು ಅಂತ ಯಾರ್ಗೂ ಏಳ್ಬೇಡಿ, ಮರ್ಯಾದಿ ಪ್ರಶ್ನೆ."

ಮಹಜಬೀನ್ ಯಾರಿಗೂ ಹೇಳುವುದಿಲ್ಲ ಎಂದಳು. ಅರ್ಜಿಯ ಜೊತೆಗೇ ಪ್ರಯೋಗಾಲಯದ ಬಾಗಿಲೂ ಮುಚ್ಚಿತ್ತು, ಬದಲಿ ಡಾಕ್ಟರೂ ಇರಲಿಲ್ಲ. ಹೊರಗೆ ನೂರು ಜನ ಕಾಯುತ್ತಿದ್ದರು. ಅವಳು ಡ್ರಾಯರಿನಲ್ಲಿ ಹುಡುಕಿ ಒಂದು ಚೀಟಿ ತೆಗೆದು, ಸೀಸೆಗೆ ಅಂಟಿಸಿ, ಅದರ ಮೇಲೆ ಒಂದು ಎಂದು ಬರೆದಳು. ಆಮೇಲೆ ಚಿಕ್ಕಹನುಮಕ್ಕನ ಮೊಣಕಾಲನ್ನು ನಿಧಾನವಾಗಿ ಮಡಿಸಿ ನೋಡತೊಡಗಿದಳು.