ನೀಲಗಂಗವ್ವ ಓದಿದ ನಾಟಕ

ನಾನೊಂದು ಹೊಲಿಗೆ ಯಂತ್ರ. ಕಾರ್ಖಾನೆಯಲ್ಲಿ ಎರಕ ಹೊಯ್ದು, ಕರಿ ಬಣ್ಣ ಬಳಿದು, ಮೈಮೇಲೆ ಬಂಗಾರದ ಬಳ್ಳಿ ಬರೆದು ಹೊರಗೆ ಕಳಿಸಿದಾಗ ನನಗೆ ಸೊಕ್ಕು ಬಂದದ್ದು ನಿಜ. ಮೊದಲ ಯಜಮಾನ ಹುಬ್ಬಳ್ಳಿಯ ದರ್ಜಿ ಮಕ್ತುಮ್‌ಸಾಬ್. ದಿನವೂ ಎಣ್ಣೆ ಬಿಟ್ಟು ಒರೆಸುತ್ತಿದ್ದ. ಕಣ್ಣು ಮಂಜಾದ ಮೇಲೆ ನನ್ನನ್ನು ಅದೇ ಓಣಿಯ ನೀಲಗಂಗವ್ವನಿಗೆ ಒಪ್ಪಿಸಿದ. "ಚಲೋ ನೋಡ್ಕೋ ಬೇಟಿ" ಎಂದಷ್ಟೇ ಹೇಳಿದ.

ಅವಳು ಓಣಿಯ ಹೆಂಗಸರ ಕುಪ್ಪಸ ಹೊಲಿದು ಮನೆ ನಡೆಸಿದಳು. ಗಂಡ ಈರಪ್ಪ ಕೆಲಸಕ್ಕೆ ಹೋದರೆ ಹೋದ, ಇಲ್ಲದಿದ್ದರೆ ಇಲ್ಲ. ಒಲೆ ಆರಿಸಿ ಅವಳು ಬಂದು ಕೂರುವುದು ನನ್ನೆದುರಿಗೇ. ಅಳುವುದಿದ್ದರೂ ನನ್ನ ಸದ್ದಿನ ಮರೆಯಲ್ಲೇ ಅಳುತ್ತಿದ್ದಳು. ಇವಳು ನನ್ನವಳು ಎಂದುಕೊಂಡಿದ್ದೆ, ಆ ಪುಸ್ತಕ ಬರುವವರೆಗೆ.

ಕುಪ್ಪಸ ಹೊಲಿಸಲು ಬಂದ ಅಂಬುಜಾ ಟೀಚರ್ ಬಟ್ಟೆಯ ಜೊತೆಗೆ ಅದನ್ನೂ ಕೊಟ್ಟರು. ದುಡಿಯುವ ಹೆಂಗಸರ ನಾಟಕವಂತೆ. ರಾಜನಿಲ್ಲ, ಮದುವೆಯಿಲ್ಲ, ನಾಯಕನೇ ಇಲ್ಲ. ನರ್ಸು, ಬಸ್ ಕಂಡಕ್ಟರು, ಕಸ ಗುಡಿಸುವವಳು, ರೊಟ್ಟಿ ಬಡಿಯುವವಳು ರಂಗದ ಮೇಲೆ ಕೆಲಸ ಮಾಡುತ್ತಲೇ ಮಾತಾಡುತ್ತಾರೆ. ಕೊನೆಗೆ ಎಲ್ಲರೂ ಕೆಲಸ ನಿಲ್ಲಿಸಿ ಸುಮ್ಮನೆ ಕೂತುಬಿಡುತ್ತಾರೆ. ಪರದೆ ಬೀಳುವುದಿಲ್ಲ, ನೋಡುವವರೇ ಎದ್ದು ಹೋಗಬೇಕು.

ನೀಲಗಂಗವ್ವ ಅದನ್ನು ನನ್ನ ಮೇಲೇ ಇಟ್ಟುಕೊಂಡು ಓದಿದಳು! ಸೂಜಿಯ ಕೆಳಗೆ ಅರ್ಧ ಹೊಲಿದ ತೋಳು, ಅವಳ ಬೆರಳು ಮಾತ್ರ ಹಾಳೆಯ ಮೇಲೆ. ಓದುತ್ತ ಓದುತ್ತ ನಕ್ಕಳು. ನನ್ನೆದುರು ಅವಳು ಹಾಗೆ ನಕ್ಕದ್ದು ನನಗೆ ನೆನಪಿಲ್ಲ. ಹೊಟ್ಟೆ ಉರಿದುಹೋಯಿತು.

ಟೀಚರ್ ಮತ್ತೆ ಬಂದಾಗ ಕೇಳಿದರು: "ನಾಟಕ ಹೆಂಗ ಅನಸ್ತು?"

"ಹೊಟ್ಟಿಕಿಚ್ಚು ಬಂತ್ರೀ," ಎಂದಳು ನೀಲಗಂಗವ್ವ.

"ಯಾರ ಮ್ಯಾಲ?"

"ಆ ಹೆಣಮಕ್ಕಳ ಮ್ಯಾಲ. ಕೆಲಸಾ ಬಿಟ್ಟು ಕುಂತ್ರಲ್ರೀ! ನಾ ಜ್ವರ ಬಂದ್ರೂ ಕುಂತಾಕಿ ಅಲ್ಲ. ಓದಿ ಮುಗಿಸಿ ಹಂಗ ಸುಮ್ನ ಕುಂತು ನೋಡಿದೆ. ಕಾಲು ತಾನಾಗೇ ತುಳ್ಯಾಕ ಹತ್ತಿತ್ತು."

ಅಷ್ಟರಲ್ಲಿ ಒಳಗಿನಿಂದ ಈರಪ್ಪನ ಕೂಗು: "ನನ್ನ ಅಂಗಿ ಆತೇನ?"

"ಇಲ್ಲ. ಇವತ್ತ ನಾ ಕುಂತೀನಿ."

ಈರಪ್ಪ ಹೊರಗೆ ಬಂದ. ಜಗಳಕ್ಕೆ ಬಾಯಿ ತೆರೆದವನು ಟೀಚರರನ್ನು ಕಂಡು ಒಳಗೆ ತಿರುಗಿದ. ಹಳೆಯ ಅಂಗಿಯನ್ನೇ ತೊಟ್ಟು ನಡೆದ. ಅವಳು ಕೂತೇ ಇದ್ದಳು. ಕಾಲನ್ನು ನನ್ನ ತುಳಿಹಲಗೆಯಿಂದ ಇಳಿಸಿ ನೆಲಕ್ಕಿಟ್ಟದ್ದನ್ನು ನಾನೊಬ್ಬನೇ ಕಂಡೆ.

ಆಮೇಲೆ ಮಧ್ಯಾಹ್ನಗಳಲ್ಲಿ ಓಣಿಯ ಹೆಂಗಸರು ನಮ್ಮ ಪಡಸಾಲೆಗೆ ಬರತೊಡಗಿದರು. ಒಬ್ಬಳು ಓದುವಳು, ಉಳಿದವರು ಕೇಳುವರು, ವಾದಿಸುವರು. ಜಾಗ ಸಾಲದೆ ನನ್ನನ್ನು ಮೂಲೆಗೆ ತಳ್ಳಿದರು. ಮುಂದೆ ಮಗನ ಮದುವೆಯಾಗಿ, ಮನೆಗೆ ಬಂದ ಸೊಸೆ ಕರೆಂಟಿನ ಯಂತ್ರ ತಂದಳು. ನನ್ನ ಮೇಲೆ ಹಳೆಯ ಚಾದರ ಬಿತ್ತು.

ನನ್ನೆದುರು ಅವಳು ಇಷ್ಟು ವರ್ಷ ಕೂತದ್ದು ಕೂರಲೇಬೇಕಿತ್ತೆಂದು. ಪುಸ್ತಕದ ಬಳಿ ಹೋದದ್ದು ಮನಸ್ಸಾಗಿ. ಮೂಲೆಯಲ್ಲಿ ನನ್ನನ್ನು ತುಕ್ಕಿಗಿಂತ ಹೆಚ್ಚು ತಿಂದದ್ದು ಇದೇ.

ಮೊನ್ನೆ ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ತಲೆ ನೆರೆತ ನೀಲಗಂಗವ್ವ ಚಾದರ ಸರಿಸಿ, ಸ್ಟೂಲ್ ಎಳೆದುಕೊಂಡು ಕೂತಳು. ದಾರವಿಲ್ಲ, ಬಟ್ಟೆಯಿಲ್ಲ. ಸುಮ್ಮನೆ ತುಳಿದಳು. ನನ್ನ ಸಂತೋಷ ಹೇಳತೀರದು. ಅಷ್ಟರಲ್ಲಿ ಆ ಪುಸ್ತಕ ತೆಗೆದು ನನ್ನ ಮೇಲಿಟ್ಟು, ಗಟ್ಟಿಯಾಗಿ ಓದತೊಡಗಿದಳು.

ಕಾಲು ನನ್ನ ಮೇಲೆ, ಕಣ್ಣು ಅದರ ಮೇಲೆ. ಹೊಟ್ಟೆ ಉರಿಯಿತು. ಆದರೂ ಅವಳ ದನಿ ಕೇಳಲೆಂದು ಆದಷ್ಟು ಮೆಲ್ಲಗೆ ತಿರುಗಿದೆ.