ಅರ್ಧ ಸುತ್ತು ಜಾಸ್ತಿ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಬಸ್ ಡಿಪೋದಲ್ಲಿ ಎಲ್ಲರೂ ಹೇಳುತ್ತಾರೆ. ಸುಳ್ಳಲ್ಲ. ಇಪ್ಪತ್ತಾರು ವರ್ಷ ಬಸ್ಸುಗಳ ಕೆಳಗೆ ಮಲಗಿ ಎದ್ದವನು ನಾನು, ಈಗ ಹೆಡ್ ಮೆಕ್ಯಾನಿಕ್. ನಾನು ಬಿಗಿದ ನಟ್ಟು ದಾರಿಯಲ್ಲಿ ಸಡಿಲವಾಯಿತು ಎಂದು ಇದುವರೆಗೆ ಒಬ್ಬ ಡ್ರೈವರೂ ವಾಪಸು ಬಂದಿಲ್ಲ. ಮೊದಲೆಲ್ಲ ಇದನ್ನು ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದೆ. ಈಗ ಹೇಳುವಾಗ ದನಿ ಸ್ವಲ್ಪ ತಗ್ಗುತ್ತದೆ.

ಹೆಂಡತಿ ಮನೆ ಬಿಟ್ಟು ಎರಡೂವರೆ ವರ್ಷವಾಯಿತು. ನಾನು ಕುಡಿಯುವವನಲ್ಲ, ಕೈ ಎತ್ತಿದವನಲ್ಲ. ಕೂಗಾಡಿದವನು. ಚಹಾ ಆರಿದ್ದಕ್ಕೆ ಕೂಗಿದೆ, ಬಾಗಿಲು ಸದ್ದು ಮಾಡಿದ್ದಕ್ಕೆ ಕೂಗಿದೆ, ಕೊನೆಗೆ ಬಾಯಿ ಮುಚ್ಚಿಕೊಂಡು ಯಾಕೆ ಕೂತಿದ್ದೀ ಎಂದೂ ಕೂಗಿದೆ. ಒಂದು ಬೆಳಗ್ಗೆ ಅವಳು ಜಗಳವಾಡದೆ, ಅಳದೆ, ಎರಡು ಚೀಲ ತುಂಬಿಕೊಂಡು ಮಗಳ ಜೊತೆ ಊರಿನ ಆ ತುದಿಯಲ್ಲಿರುವ ತನ್ನ ಅಕ್ಕನ ಮನೆಗೆ ಹೋದಳು. ನಾಲ್ಕು ದಿನ ಕಳೆದರೆ ತಾನಾಗಿ ಬರುತ್ತಾಳೆ ಎಂದುಕೊಂಡೆ. ಕರೆಯಲು ಹೋಗಲಿಲ್ಲ. ನಾನು ಯಾಕೆ ಹೋಗಲಿ ಎಂಬ ಬಿಂಕ.

ಎರಡು ಕೋಣೆಯ ಮನೆ ಒಬ್ಬನಿಗೆ ಎಷ್ಟು ದೊಡ್ಡದು ಎಂದು ಆಮೇಲೆ ಗೊತ್ತಾಯಿತು. ಶನಿವಾರ ಮಧ್ಯಾಹ್ನ ಡಿಪೋ ಬಿಟ್ಟರೆ ಸೋಮವಾರ ಬೆಳಗ್ಗೆವರೆಗೆ ಒಂದು ಮಾತೂ ಆಡದೆ ಇರುತ್ತಿದ್ದೆ. ಸೋಮವಾರ ಮೊದಲ ಮಾತಿಗೆ ಗಂಟಲು ಕಟ್ಟಿಕೊಂಡು ಕೆಮ್ಮಬೇಕಾಗುತ್ತಿತ್ತು. ವರ್ಕ್‌ಶಾಪಿನ ಹುಡುಗರು, ಇವನು ಬೈಯಲು ಗಂಟಲು ಸರಿಮಾಡಿಕೊಳ್ಳುತ್ತಿದ್ದಾನೆ ಎಂದು ದೂರ ಸರಿಯುತ್ತಿದ್ದರು.

ಮಗಳು ತಿಂಗಳಿಗೊಮ್ಮೆ ಬರುತ್ತಿದ್ದಳು. ಹದಿನೇಳರ ಹುಡುಗಿ, ಗಾಳಿ ಬೀಸಿದರೆ ಹಾರಿಹೋಗುವಂತಿದ್ದಾಳೆ. ಅದಕ್ಕೇ ಚಿಕ್ಕಂದಿನಿಂದ ಪೈಲ್ವಾನ್ ಎಂದು ಕರೆಯುತ್ತೇನೆ. ಓದು ಹೇಗಿದೆ ಎಂದರೆ ಚೆನ್ನಾಗಿದೆ ಎನ್ನುತ್ತಿದ್ದಳು, ಅಮ್ಮ ಹೇಗಿದ್ದಾಳೆ ಎಂದರೆ ಚೆನ್ನಾಗಿದ್ದಾಳೆ ಎನ್ನುತ್ತಿದ್ದಳು. ಅಲ್ಲಿಗೆ ನಮ್ಮ ಮಾತು ಖರ್ಚಾಗಿ, ಇಬ್ಬರೂ ಗೋಡೆ ನೋಡುತ್ತ ಕೂರುತ್ತಿದ್ದೆವು. ನಾಲ್ಕು ಗಂಟೆಗೆ ಅವಳು ಎದ್ದರೆ ನನಗೆ ಸಂಕಟವೂ ಆಗುತ್ತಿತ್ತು, ಹೌದು, ಒಂಚೂರು ಹಗುರವೂ ಆಗುತ್ತಿತ್ತು.

ಹೀಗಿರುವಾಗ ಅವಳಿಗೆ ತಾನೇ ಬಿಡಿಭಾಗ ಜೋಡಿಸಿ ಒಂದು ಕಂಪ್ಯೂಟರ್ ಕಟ್ಟಬೇಕೆಂಬ ಹುಚ್ಚು ಹತ್ತಿತು. ದೊಡ್ಡಮ್ಮನ ಮನೆಯಲ್ಲಿ ಕಾಲಿಡಲೂ ಜಾಗವಿಲ್ಲ. ಇಲ್ಲೇ ಕಟ್ಟು, ನನ್ನ ಊಟದ ಮೇಜು ಖಾಲಿ ಬಿದ್ದಿದೆ ಎಂದೆ. ಒಂದೊಂದೇ ಡಬ್ಬಿ ಬರತೊಡಗಿತು. ಒಂದು ಭಾನುವಾರ ಇಬ್ಬರೂ ಕೂತು ಜೋಡಿಸಿದೆವು. ಪ್ರೊಸೆಸರ್ ಅಂತ ಬಿಸ್ಕತ್ತಿನಷ್ಟು ಅಗಲದ ಒಂದು ಬಿಲ್ಲೆ ಇರುತ್ತದೆ. ಅದು ಕೆಲಸ ಮಾಡುವಾಗ ಕಾಯುತ್ತದೆ. ತಣ್ಣಗಿಡಲು ಅದರ ಮೇಲೆ ಒಂದು ಭಾರದ ಫ್ಯಾನು ಕೂರಿಸಿ, ನಾಲ್ಕು ಮೂಲೆಗೆ ನಾಲ್ಕು ಸ್ಕ್ರೂ ಹಾಕಬೇಕು. ಅದರ ಸ್ಪ್ರಿಂಗು ಗಟ್ಟಿ, ಅವಳ ಕೈಗೆ ಬಗ್ಗಲಿಲ್ಲ. ಅಪ್ಪ, ಇದನ್ನ ನೀನು ಬಿಗಿ ಎಂದು ಸ್ಕ್ರೂಡ್ರೈವರ್ ಕೊಟ್ಟಳು. ಮನೆ ಬಿಟ್ಟ ಮೇಲೆ ಅವಳು ನನ್ನಲ್ಲಿ ಕೇಳಿದ ಮೊದಲ ಸಹಾಯ ಅದು. ಬಿಗಿದೆ. ಮನಸಾರೆ ಬಿಗಿದೆ.

ಕಂಪ್ಯೂಟರ್ ಶುರುವಾಯಿತು. ಅವಳು ಕುರ್ಚಿಯಿಂದ ಎದ್ದು ನನ್ನ ಬೆನ್ನಿಗೊಂದು ಗುದ್ದು ಕೊಟ್ಟಳು. ಅರ್ಧ ಗಂಟೆಯಾಗಿರಬೇಕು, ಪರದೆ ತಟಕ್ಕನೆ ಕಪ್ಪಾಯಿತು. ತಾನೇ ಮತ್ತೆ ಶುರುವಾಯಿತು, ಇಪ್ಪತ್ತು ನಿಮಿಷಕ್ಕೆ ಮತ್ತೆ ಕಪ್ಪಾಯಿತು. ಅವತ್ತು ಸಂಜೆಯೊಳಗೆ ಏಳು ಸಲ ಹಾಗಾಯಿತು.

ಅಂದಿನಿಂದ ಅವಳು ಪ್ರತಿ ಭಾನುವಾರ ಹತ್ತು ಗಂಟೆಗೆ ಬರತೊಡಗಿದಳು. ಒಂದು ನೋಟುಬುಕ್ಕು ಇಟ್ಟಳು: ಎಷ್ಟು ಹೊತ್ತಿಗೆ ನಿಂತಿತು, ಆಗ ಏನು ಕೆಲಸ ನಡೆಯುತ್ತಿತ್ತು, ಎಷ್ಟು ಕಾದಿತ್ತು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು, ಎರಡನ್ನು ಮುಟ್ಟಿದರೆ ಯಾವುದರಿಂದ ಸರಿಹೋಯಿತು ಎಂದು ಗೊತ್ತಾಗುವುದಿಲ್ಲ ಎಂದು ನನಗೇ ಪಾಠ ಹೇಳಿದಳು. ನಮ್ಮ ಡಿಪೋದ ಹುಡುಗರಿಗೆ ಇಷ್ಟು ಬುದ್ಧಿ ಬರಲು ಹತ್ತು ವರ್ಷ ಬೇಕು. ಮೊದಲ ವಾರ ಒಳಗಿನ ಭಾಗಗಳಿಗೆ ಕರೆಂಟು ಕೊಡುವ ಪೆಟ್ಟಿಗೆ ಬದಲಾಯಿಸಿದಳು. ಎರಡನೇ ವಾರ ಎರಡು ಮೆಮೊರಿ ಪಟ್ಟಿಗಳಲ್ಲಿ ಒಂದನ್ನು ತೆಗೆದು ನೋಡಿದಳು, ಮೂರನೇ ವಾರ ಇನ್ನೊಂದನ್ನು. ನಾಲ್ಕನೇ ವಾರ ಒಳಗಿರುವ ಪ್ರೋಗ್ರಾಮುಗಳನ್ನೆಲ್ಲ ಅಳಿಸಿ ಹೊಸದಾಗಿ ತುಂಬಿದಳು. ಐದನೇ ವಾರ ನನ್ನ ಕೈಲಿ ಫ್ಯಾನು ಬಿಚ್ಚಿಸಿ, ಕೆಳಗೆ ಹಚ್ಚುವ ಪೇಸ್ಟು ಒರೆಸಿ ಹೊಸದು ಹಚ್ಚಿದಳು. ಫ್ಯಾನು ಕೂರಿಸುವಾಗ ಸ್ಕ್ರೂಡ್ರೈವರ್ ಮತ್ತೆ ನನ್ನ ಕೈಗೇ ಬಂತು. ಮತ್ತೆ ಮನಸಾರೆ ಬಿಗಿದೆ.

ಸುಳ್ಳು ಯಾಕೆ ಹೇಳಲಿ, ನನಗೆ ಅವು ಹಬ್ಬದಂಥ ಭಾನುವಾರಗಳು. ಶನಿವಾರವೇ ಮೊಟ್ಟೆ, ಬ್ರೆಡ್ಡು ತಂದಿಡುತ್ತಿದ್ದೆ. ಕಂಪ್ಯೂಟರಿಗೆ ಭಾರದ ಕೆಲಸ ಕೊಟ್ಟು ನಿಲ್ಲುತ್ತದೋ ಎಂದು ನೋಡುವ ಪರೀಕ್ಷೆ ಓಡುತ್ತಿರುವಾಗ ಇಬ್ಬರೂ ಪರದೆ ನೋಡುತ್ತ ತಿನ್ನುತ್ತಿದ್ದೆವು. ಗೋಡೆ ನೋಡುವ ಹಳೆಯ ಕಾಲ ಹೋಗಿ, ನಮಗೆ ಮಾತಾಡಲು ವಿಷಯ ಸಿಕ್ಕಿತ್ತು. ಹಾಳಾದ್ದು ಕಪ್ಪಾದಾಗೆಲ್ಲ ಅವಳು ಹಣೆ ಚಚ್ಚಿಕೊಳ್ಳುತ್ತಿದ್ದಳು, ನಾನೂ ಚಚ್ಚಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ದೊಡ್ಡಮ್ಮ ಮನೆಯಲ್ಲಿ ಒಂದು ಮೂಲೆ ತೆರವು ಮಾಡಿದ್ದಾಳೆ, ಸರಿಹೋದ ದಿನವೇ ಅವಳ ಕಾರಿನಲ್ಲಿ ಹಾಕಿಕೊಂಡು ಹೋಗ್ತೀನಿ ಎಂದು ಮಗಳು ಹೇಳಿದಳು. ಒಳ್ಳೆಯದಾಯಿತು ಎಂದೆ. ಅವತ್ತು ನನ್ನ ಮೊಟ್ಟೆ ತಟ್ಟೆಯಲ್ಲೇ ಉಳಿಯಿತು.

ಅದಾದ ಬುಧವಾರ ಹಲ್ಲುನೋವಿಗೆ ರಜೆ ಹಾಕಿ ಮನೆಯಲ್ಲಿದ್ದೆ. ನೋವು ಮರೆಯಲು ಏನಾದರೂ ಬೇಕಿತ್ತು. ಕಂಪ್ಯೂಟರಿನ ಬದಿಯ ಮುಚ್ಚಳ ತೆಗೆದು, ಟಾರ್ಚು ಹಿಡಿದು, ಬಗ್ಗಿ ನೋಡಿದೆ. ಎಲ್ಲ ಭಾಗಗಳೂ ಕೂತಿರುವ ಹಸಿರು ಹಲಗೆ ಫ್ಯಾನಿನ ಸುತ್ತ ನೆಟ್ಟಗಿರಲಿಲ್ಲ. ಕೂದಲೆಳೆಯಷ್ಟು ಬಾಗಿತ್ತು. ಬೇರೆಯವರಿಗೆ ಕಾಣುತ್ತಿರಲಿಲ್ಲವೇನೋ, ನನಗೆ ಕಂಡಿತು. ಎಂಜಿನ್ನಿನ ಮೇಲಿನ ಮುಚ್ಚಳವಾದ ಹೆಡ್ಡು ಕೂರಿಸುವಾಗ ಬೋಲ್ಟನ್ನು ಅಳತೆಗಿಂತ ಜಾಸ್ತಿ ಬಿಗಿದರೆ ಹೆಡ್ಡು ಬಾಗುತ್ತದೆ, ಕಾದ ಮೇಲೆ ತೊಂದರೆ ಶುರುವಾಗುತ್ತದೆ. ಈ ತಪ್ಪಿಗೆ ಎಷ್ಟು ಹುಡುಗರ ಜನ್ಮ ಜಾಲಾಡಿದ್ದೇನೋ ಲೆಕ್ಕವಿಲ್ಲ. ಅದೇ ತಪ್ಪನ್ನು ನಾನು ಮಗಳ ಕಂಪ್ಯೂಟರಿನಲ್ಲಿ ಎರಡೆರಡು ಸಲ ಮಾಡಿದ್ದೆ. ಬಸ್ಸಿನ ಚಕ್ರಕ್ಕೆ ಹಾಕುವ ಬಲವನ್ನು ಬಿಸ್ಕತ್ತಿನ ಮೇಲೆ ಹಾಕಿದ್ದೆ.

ನಾಲ್ಕೂ ಸ್ಕ್ರೂಗಳನ್ನು ಎದುರುಬದುರು ಮೂಲೆಯ ಕ್ರಮದಲ್ಲಿ ಅರ್ಧರ್ಧ ಸುತ್ತು ಸಡಿಲ ಮಾಡಿ, ಅವಳು ತೋರಿಸಿಕೊಟ್ಟಿದ್ದ ಪರೀಕ್ಷೆ ಓಡಿಸಿದೆ. ಒಂದು ಗಂಟೆ ಓಡಿತು. ಮೂರು ಗಂಟೆ ಓಡಿತು. ಸಂಜೆವರೆಗೂ ಒಂದು ಸಲವೂ ನಿಲ್ಲಲಿಲ್ಲ. ಹಲ್ಲುನೋವೂ ಮಾಯವಾಗಿತ್ತು. ಪೈಲ್ವಾನ್, ರೋಗ ಸಿಕ್ಕಿತು ಎಂದು ಹೇಳಲು ಫೋನು ಕೈಗೆತ್ತಿಕೊಂಡೆ.

ಅವಳ ನಂಬರಿನ ಮೇಲೆ ಬೆರಳು ನಿಂತಿತು. ದೊಡ್ಡಮ್ಮನ ಕಾರು ಬರುತ್ತದೆ. ಮೇಜು ಖಾಲಿಯಾಗುತ್ತದೆ. ಮತ್ತೆ ತಿಂಗಳಿಗೊಂದು ದಿನ, ಚೆನ್ನಾಗಿದೆ, ಚೆನ್ನಾಗಿದ್ದಾಳೆ. ಫೋನು ಕೆಳಗಿಟ್ಟು ಸ್ಕ್ರೂಡ್ರೈವರ್ ತೆಗೆದುಕೊಂಡೆ. ನಾಲ್ಕೂ ಸ್ಕ್ರೂಗಳನ್ನು ಮೊದಲಿನಂತೆ ಬಿಗಿದು ಮುಚ್ಚಳ ಹಾಕಿದೆ. ನನಗೆ ಆಗ ಏನೂ ಅನ್ನಿಸಲಿಲ್ಲ ಎಂದರೆ ನಂಬುತ್ತೀರೋ ಇಲ್ಲವೋ. ಒಂದೇ ಭಾನುವಾರ, ಆಮೇಲೆ ಹೇಳಿಬಿಡೋಣ ಎಂದುಕೊಂಡೆ.

ಒಂದು ಮೂರಾಯಿತು. ಮೊದಲ ಭಾನುವಾರ ಅವಳು ಮೆಮೊರಿಯನ್ನು ಮತ್ತೆ ಪರೀಕ್ಷೆ ಮಾಡಿದಳು. ಎರಡನೆಯದರಲ್ಲಿ ಗೋಡೆಯ ಪ್ಲಗ್ಗನ್ನೇ ಅನುಮಾನಿಸಿ ಉದ್ದದ ವೈರು ಎಳೆದು ಅಡುಗೆಮನೆಯಿಂದ ಕರೆಂಟು ತಂದಳು. ನಾನು ಪಕ್ಕದಲ್ಲಿ ನಿಂತು ಹೂಂಗುಟ್ಟುತ್ತಿದ್ದೆ. ಪರದೆ ಕಪ್ಪಾದಾಗ ಹಣೆಯನ್ನೂ ಚಚ್ಚಿಕೊಂಡೆ, ನಾಟಕದವನ ಹಾಗೆ. ಅವಳು ಮೊದಲಿನಂತೆ ಚಚ್ಚಿಕೊಳ್ಳಲಿಲ್ಲ. ಹೊತ್ತು ನೋಡಿ ನೋಟುಬುಕ್ಕಿನಲ್ಲಿ ಬರೆದಿಡುತ್ತಿದ್ದಳು. ತಿನ್ನುವುದೂ ಕಡಿಮೆಯಾಗಿತ್ತು.

ಮೂರನೇ ಭಾನುವಾರ ಮಧ್ಯಾಹ್ನ ಅವಳು ನೋಟುಬುಕ್ಕು ಮುಚ್ಚಿದಳು. ಶಾಲೆ ಮುಗಿದ ಮೇಲೆ ಕಂಪ್ಯೂಟರ್ ರಿಪೇರಿಯ ಮೂರು ವರ್ಷದ ಕೋರ್ಸಿಗೆ ಸೇರುತ್ತೇನೆ ಎನ್ನುವುದು ಅವಳ ಒಂದೇ ಹಟವಾಗಿತ್ತು. ಅಮ್ಮ, ದೊಡ್ಡಮ್ಮ ಇಬ್ಬರೂ ಬೇಡವೆಂದರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಅರ್ಜಿಗೆ ಮಂಗಳವಾರ ಕಡೆಯ ದಿನ.

"ನಾನು ಆ ಕೋರ್ಸಿಗೆ ಅರ್ಜಿ ಹಾಕ್ತಿಲ್ಲ ಅಪ್ಪ," ಎಂದಳು. "ದೊಡ್ಡಮ್ಮ ಹೇಳಿದ ಆಫೀಸ್ ಕೆಲಸದ ಕೋರ್ಸಿಗೆ ಹೋಗ್ತೀನಿ. ನಾನೇ ಕಟ್ಟಿದ ಒಂದು ಡಬ್ಬಿಗೆ ಏನಾಗಿದೆ ಅಂತ ಎಂಟು ವಾರದಿಂದ ನನಗೆ ಗೊತ್ತಾಗ್ತಿಲ್ಲ. ಇದು ನನ್ನ ಕೈಲಿ ಆಗೋ ಕೆಲಸ ಅಲ್ಲ."

ಅಳುತ್ತಿರಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಿ ಇನ್ನೊಂದು ವಾರ ತಳ್ಳುತ್ತಿದ್ದೆನೇನೋ, ಅಂಥ ಮನುಷ್ಯ ನಾನು. ಅವಳು ನಿಜವಾಗಿ ನಂಬಿಕೊಂಡು ಹೇಳುತ್ತಿದ್ದಳು. ವೈರು ಸುತ್ತಿಟ್ಟಳು, ಚೀಲ ಹೆಗಲಿಗೆ ಹಾಕಿದಳು, ಬಾಗಿಲ ಬಳಿ ಕೂತು ಶೂ ಲೇಸು ಕಟ್ಟತೊಡಗಿದಳು. ನಾನು ಒಂಟಿ ಎಂದು ಈ ಮಗುವಿನ ಕೈ ಕತ್ತರಿಸುತ್ತಿದ್ದೇನಲ್ಲ ಎನ್ನಿಸಿತು.

"ನಿಲ್ಲು. ನಿನ್ನ ತಪ್ಪಲ್ಲ," ಎಂದೆ. "ಫ್ಯಾನಿನ ಸ್ಕ್ರೂ ನಾನು ಜಾಸ್ತಿ ಬಿಗಿದಿದ್ದೆ. ಹಲಗೆ ಬಾಗಿದೆ. ಅರ್ಧ ಸುತ್ತು ಬಿಟ್ಟರೆ ಸರಿಹೋಗುತ್ತೆ."

ಅವಳ ಕೈ ಲೇಸಿನ ಮೇಲೇ ನಿಂತಿತು. ಯಾವಾಗ ಗೊತ್ತಾಯ್ತು ಎಂದು ಕೇಳಿದಳು. ಈಗ ಹೊಳೆಯಿತು ಎಂದು ಹೇಳಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಮೂರು ವಾರವಾಯಿತು, ಸಡಿಲ ಮಾಡಿ ನೋಡಿದ್ದೆ, ಮತ್ತೆ ಬಿಗಿದಿಟ್ಟೆ ಎಂದೆ.

ಕೂಗುತ್ತಾಳೆ ಎಂದುಕೊಂಡೆ. ಕೂಗಲಿ ಎಂದು ಕಾದೆ. ನನ್ನ ಮಗಳಲ್ಲವೇ, ಅವಳಿಗೂ ಗಂಟಲಿದೆ. ಅವಳು ಕೂಗಲಿಲ್ಲ. ಅವಳಮ್ಮನೂ ಮನೆ ಬಿಟ್ಟ ಬೆಳಗ್ಗೆ ಹೀಗೇ ಸುಮ್ಮನಿದ್ದಳು.

ಶೂ ಬಿಚ್ಚಿಟ್ಟು ಒಳಗೆ ಬಂದಳು. ಮುಚ್ಚಳ ತೆಗೆದಳು. ನಾನು ಟಾರ್ಚು ಹಿಡಿಯಲು ಮುಂದೆ ಹೋದರೆ ಬೇಡವೆಂದು ಕೈ ಅಡ್ಡ ಮಾಡಿದಳು. ಬಿಗಿಯಲು ಬಾರದ ಕೈ ಸಡಿಲ ಮಾಡಲು ಎರಡೂ ಅಂಗೈ ಬಳಸಿ ಒದ್ದಾಡಿತು, ಮುಖ ಕೆಂಪಾಯಿತು. ನಾಲ್ಕನ್ನೂ ಅವಳೇ ಬಿಟ್ಟಳು. ಪರೀಕ್ಷೆ ಓಡಿಸಿ, ನೋಟುಬುಕ್ಕು ತೆರೆದು, ಶುರು ಮಾಡಿದ ಹೊತ್ತು ಮಧ್ಯಾಹ್ನ ಒಂದು ಐವತ್ತು ಎಂದು ಬರೆದಳು.

ಇಬ್ಬರೂ ಕೂತೆವು. ಅಷ್ಟಾದ ಮೇಲೂ ನನ್ನ ಮನಸ್ಸು ಏನು ಬೇಡುತ್ತಿತ್ತು ಗೊತ್ತೇ? ಒಂದೇ ಒಂದು ಸಲ ನಿಲ್ಲಲಿ, ಇನ್ನೂ ಏನೋ ಕೆಟ್ಟಿರಲಿ ಎಂದು. ಮೂರು ಗಂಟೆಯಾಯಿತು, ನಾಲ್ಕಾಯಿತು. ಅದು ಗುಂಯ್ ಎಂದು ಓಡುತ್ತಲೇ ಇತ್ತು. ಐದು ಗಂಟೆಗೆ ಅವಳು ದೊಡ್ಡಮ್ಮನಿಗೆ ಫೋನು ಮಾಡಿ ಕಾರು ತರಲು ಹೇಳಿದಳು.

"ನಾನು ಬರ್ಲಿ ಅಂತ ಇಷ್ಟೆಲ್ಲ ಮಾಡೋ ಬದಲು ಬಾ ಅಂತ ಒಂದು ಮಾತು ಕರೀಬಹುದಿತ್ತಲ್ಲ," ಎಂದಳು, ನನ್ನ ಕಡೆ ನೋಡದೆ.

"ಕರೆದಿದ್ರೆ ಬರ್ತಿದ್ಯಾ?"

ಅವಳು ಸುಳ್ಳು ಹೇಳುವವಳಲ್ಲ.

"ಗೊತ್ತಿಲ್ಲ," ಎಂದಳು. "ನೀನು ಯಾರನ್ನೂ ಕರೆದೇ ಇಲ್ವಲ್ಲ ಅಪ್ಪ. ನನ್ನನ್ನೂ ಇಲ್ಲ, ಅಮ್ಮನ್ನೂ ಇಲ್ಲ."

ಕಾರು ಬಂತು. ದೊಡ್ಡಮ್ಮ ಕೆಳಗೇ ಉಳಿದಳು. ಕಂಪ್ಯೂಟರಿನ ಪೆಟ್ಟಿಗೆಯನ್ನು ನಾನೇ ಎತ್ತಿಕೊಂಡು ಎರಡು ಮಹಡಿ ಇಳಿದೆ, ಅವಳು ಪರದೆ ಹಿಡಿದು ಹಿಂದೆ ಬಂದಳು. ಹಿಂದಿನ ಸೀಟಿನಲ್ಲಿಟ್ಟು, ಅಲುಗಾಡದಂತೆ ಬೆಲ್ಟು ಹಾಕಿದೆ. ಅರ್ಜಿ ಹಾಕ್ತೀಯಾ ಎಂದು ಕೇಳಿದೆ. ನಾಳೆಯೇ ಹಾಕ್ತೀನಿ ಎಂದಳು. ಮುಂದಿನ ವಾರದ ಮಾತು ಇಬ್ಬರೂ ಎತ್ತಲಿಲ್ಲ.

ಮರು ಭಾನುವಾರ ಬೆಳಗ್ಗೆ ಮೇಜು ಒರೆಸಿದೆ. ಒರೆಸಲು ಅದರ ಮೇಲೆ ಏನೂ ಇರಲಿಲ್ಲ. ಹತ್ತು ಗಂಟೆಯಾಯಿತು, ಹನ್ನೊಂದಾಯಿತು. ಫೋನು ಎತ್ತಿ ಇಡುವುದು, ಎತ್ತಿ ಇಡುವುದು, ಥೂ, ಐವತ್ತೆರಡು ವರ್ಷದ ಗಂಡಸು ಸ್ವಂತ ಮಗಳಿಗೆ ಫೋನು ಮಾಡಲು ಇಷ್ಟು ಹೆದರುತ್ತಾನೆಯೇ? ಹೇಳಲು ನನ್ನ ಹತ್ತಿರ ಒಂದು ಕಾರಣವೂ ಇರಲಿಲ್ಲ. ಮನೆಯಲ್ಲಿ ಸೋರುವ ನಲ್ಲಿ ಕೂಡ ಇರಲಿಲ್ಲ, ಎಲ್ಲವನ್ನೂ ನಾನೇ ಗಟ್ಟಿ ಮಾಡಿಟ್ಟಿದ್ದೆ. ಹನ್ನೆರಡರ ಹೊತ್ತಿಗೆ ನಂಬರು ಒತ್ತಿದೆ.

"ಏನಾಯ್ತು ಅಪ್ಪ?" ದನಿಯಲ್ಲಿ ಗಾಬರಿಯಿತ್ತು. ನಾನು ಸುಮ್ಮನೆ ಫೋನು ಮಾಡಿದ್ದು ಅವಳ ಜನ್ಮದಲ್ಲಿ ಇರಲಿಲ್ಲ. "ಏನ್ ಕೆಡ್ತು?"

"ಏನೂ ಕೆಟ್ಟಿಲ್ಲ," ಎಂದೆ. "ಬಾ ಅಂತ ಕರೆಯೋಕೆ ಮಾಡ್ದೆ."

ಆಚೆ ಕಡೆ ಪಾತ್ರೆಗಳ ಸದ್ದು ಕೇಳುತ್ತಿತ್ತು. ಯಾರು ಎಂದು ಅವಳಮ್ಮ ಕೇಳಿದ್ದು, ಅಪ್ಪ ಎಂದು ಇವಳು ಹೇಳಿದ್ದು, ಪಾತ್ರೆಗಳ ಸದ್ದು ನಿಂತದ್ದು ಎಲ್ಲ ಕೇಳಿಸಿತು. ಬರ್ತೀನಿ ಎಂದು ಅವಳು ಹೇಳಲಿಲ್ಲ. ಫೋನನ್ನೂ ಇಡಲಿಲ್ಲ. ಊಟ ಆಯ್ತಾ ಎಂದು ಕೇಳಿದೆ.